ಧಾರಾಕಾರ ಎಂದರೆ ಎಷ್ಟು ಮಿ.ಮೀ.?

ಮಾನ್ಯ ಸಂಪಾದಕರೆ,

ಮುಂಗಾರು ಶುರುವಾಯಿತೆಂದರೆ ಜಿಲ್ಲಾ ಪುಟದಲ್ಲಿ ದಿನವೂ ‘ಧಾರಾಕಾರ ಮಳೆ’. ಹೊಳಲ್ಕೆರೆಯಲ್ಲಿ ಹಗಲೆಲ್ಲ ಹಿಡಿದ ಸೋನೆಗೂ ಅದೇ ಮಾತು, ಚಳ್ಳಕೆರೆಯಲ್ಲಿ ಅರ್ಧ ಗಂಟೆ ಬಡಿದು ಹೋದ ಬಿರುಮಳೆಗೂ ಅದೇ ಮಾತು. ಓದಿದ ರೈತ ಕೂರಿಗೆ ಕಟ್ಟಬೇಕೋ, ಒಡೆದ ಬದು ನೋಡಲು ಓಡಬೇಕೋ?

ಹವಾಮಾನ ಇಲಾಖೆಯ ದರ್ಜೆಗಳು 24 ಗಂಟೆಯ ಒಟ್ಟು ಮಳೆಯನ್ನು ನೋಡುತ್ತವೆ. 15.6ರಿಂದ 64.4 ಮಿ.ಮೀ. ಸಾಧಾರಣ, 64.5ರಿಂದ ಭಾರಿ, 115.6ರಿಂದ ಅತಿ ಭಾರಿ. ಮಲೆನಾಡಿಗೆ ಇದು ಸಾಕಾದೀತು, ನಮ್ಮ ಬಯಲುಸೀಮೆಗೆ ಸಾಲದು. 30 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 1.2 ಲಕ್ಷ ಲೀಟರ್ ನೀರು. ಅದು ದಿನವಿಡೀ ಜಿಟಿಜಿಟಿ ಹಿಡಿದರೆ ಬಹುಪಾಲು ಮಣ್ಣಿಗಿಳಿಯುತ್ತದೆ, ಹದಮಳೆ. ಅಷ್ಟೇ ನೀರು ಅರ್ಧ ಗಂಟೆಯಲ್ಲಿ ಬಿದ್ದರೆ, ಕೆಂಪು ಮಸಾರಿಯಲ್ಲಿ ಹನಿಗಳ ಏಟಿಗೆ ಹೆಂಟೆ ಒಡೆದು, ನುಣುಪು ಮಣ್ಣು ಸಂದು ಮುಚ್ಚಿ, ನೀರು ಇಂಗದೆ ಹರಿದು ಹೋಗುತ್ತದೆ. ಬಿಸಿಲಿಗೆ ಆ ಪದರ ಬಿಗಿದುಕೊಂಡರೆ ಬಿತ್ತಿದ ಶೇಂಗಾ ಮೇಲೇಳಲು ತಿಣುಕಬೇಕು. ಪಟ್ಟಿಯಲ್ಲಿ ಮಾತ್ರ ಎರಡೂ ‘ಸಾಧಾರಣ’!

ಆರಿದ್ರಾ, ಪುನರ್ವಸು, ಪುಷ್ಯ ಎಂಬ ಹೆಸರುಗಳೂ ಇಲ್ಲಿ ಸಹಾಯಕ್ಕೆ ಬಾರವು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ 13–14 ದಿನಗಳ ಲೆಕ್ಕ ಅದು. ಯಾವಾಗ ಬಿತ್ತು ಎನ್ನುತ್ತದೆ, ಹೇಗೆ ಬಿತ್ತು ಎನ್ನುವುದಿಲ್ಲ. ಅದಕ್ಕೆ ಸೋನೆ, ಜಡಿಮಳೆ, ಬಿರುಮಳೆ ಇವೆ. ಜೊತೆಗೆ ಎಷ್ಟು ಮಿ.ಮೀ., ಎಷ್ಟು ಹೊತ್ತು ಎಂದು ಬರೆದರೆ ವರದಿ ಹೊಲದ ಕೆಲಸಕ್ಕೆ ಬರುತ್ತದೆ. ಹೊತ್ತಿನ ಲೆಕ್ಕ ಸಿಗದ ವಸ್ತುವೇನಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ.

ತಾರೀಖೂ ಆಗಾಗ ತಪ್ಪುತ್ತದೆ. 12ರ ಬೆಳಿಗ್ಗೆ 8.30ಕ್ಕೆ ಓದಿದ ಅಳತೆ 11ರ ಬೆಳಿಗ್ಗೆ 8.30ರಿಂದ ಸುರಿದದ್ದು. ನಮ್ಮಲ್ಲಿ ಗುಡುಗು ಮಳೆ ಹೆಚ್ಚಾಗಿ ಸಂಜೆಯ ಮೇಲೆ ಬರುವುದರಿಂದ, ಅದನ್ನು ‘12ರಂದು ಬಿದ್ದ ಮಳೆ’ ಎಂದು ಅಚ್ಚು ಮಾಡಿದರೆ ಒಂದು ದಿನವೇ ಆಚೀಚೆಯಾಗುತ್ತದೆ.

ಮನೆಯಲ್ಲೇ ಅಳೆಯುವವರಿಗೆ ತಳ ಸಪಾಟಾದ, ಗೋಡೆ ನೆಟ್ಟಗಿರುವ ಡಬ್ಬ ಸಾಕು. ಬಾಯಿ ಎಷ್ಟು ಅಗಲವಿದ್ದರೂ ನಡೆದೀತು. ಸ್ಕೇಲ್ ಇಳಿಸಿದಾಗ ಕಾಣುವ ನೀರಿನ ಎತ್ತರವೇ ಮಿ.ಮೀ. ಬಿಸಿಲೇರುವ ಮೊದಲೇ ಓದಿ ಚೆಲ್ಲಬೇಕು. ಅಂಗಡಿಯ ಮಾಪಕವಾದರೆ ಅಳತೆ ಜಾಡಿ ಅದರದ್ದೇ ಆಗಿರಲಿ. 100 ಚದರ ಸೆಂ.ಮೀ. ಬಾಯಿಯ ಮಾಪಕದ ನೀರನ್ನು 200 ಚದರ ಸೆಂ.ಮೀ. ಮಾಪಕದ ಜಾಡಿಗೆ ಸುರಿದರೆ ಮಳೆ ಅರ್ಧಕ್ಕರ್ಧ ಕಡಿಮೆ ತೋರುತ್ತದೆ. ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಬೇಕು, ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಬಿಡಬೇಕು. ತಾರಸಿಯ ಮೇಲೆ ಇಡಲೇಬಾರದು. ಆಷಾಢದ ಗಾಳಿಗೆ, ಅದರಲ್ಲೂ ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದ ಮಗ್ಗುಲಲ್ಲಿ, ಹನಿಗಳು ಡಬ್ಬದ ಬಾಯಿ ತಪ್ಪಿಸಿ ಓರೆಯಾಗಿ ಹಾರಿಹೋಗುತ್ತವೆ.

– ಮಳೆಯಾಶ್ರಿತ ರೈತರು, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ