ರೊಟ್ಟಿ ಕೇಂದ್ರದ ಸಾಲ ತೀರಿತು, ಋಣ ಉಳಿದಿದೆ

ಮೊನ್ನೆ ಸೋಮವಾರ ಬ್ಯಾಂಕಿಗೆ ಹೋಗಿ ಕೊನೆಯ ಕಂತು ಕಟ್ಟಿ ಬಂದೆ. ಪಾಸ್‌ಬುಕ್ಕಿನಲ್ಲಿ ಬಾಕಿ ಸೊನ್ನೆ ಅಂತ ಅಚ್ಚಾಗಿದ್ದನ್ನು ಕೌಂಟರ್ ಮುಂದೆಯೇ ನಿಂತು ಎರಡು ಸಲ ಓದಿದೆ. ಹೊರಗೆ ಬಂದು ನಮ್ಮ ರೊಟ್ಟಿ ಕೇಂದ್ರಕ್ಕೆ ಫೋನ್ ಮಾಡಿದೆ. ಆ ಕಡೆ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಸಂಜೆ ಬಸ್ಸಿಗೆ ಆರ್ಡರ್ ಕಳಿಸುವುದಿತ್ತು.

ಈ ಐದೂವರೆ ವರ್ಷದಲ್ಲಿ ಏನೇನಾಯಿತು ಅಂತ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಯಾರ ಯಾರ ಋಣ ನಮ್ಮ ಮೇಲಿದೆ ಅನ್ನುವುದನ್ನು ಮಾತ್ರ ಬರೆದಿಡಬೇಕು ಅನ್ನಿಸಿದೆ. ಹೆಸರು ಹಾಕಬೇಡ ಅಂತ ಸುಮಾರು ಜನ ಹೇಳಿದ್ದಾರೆ. ಹಾಗಾಗಿ ಊರಲ್ಲಿ ಹೇಗೆ ಕರೆಯುತ್ತೇವೋ ಹಾಗೇ ಬರೆಯುತ್ತೇನೆ.

ನಮ್ಮದು ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಊರು. ದೀಪಾವಳಿ ಮುಗಿದರೆ ಅರ್ಧ ಊರು ಕೂಲಿ ಹುಡುಕಿಕೊಂಡು ಗುಳೆ ಹೋಗುತ್ತಿತ್ತು. ಪುಣೆ, ಮುಂಬೈ, ಗೋವಾ, ಬೆಂಗಳೂರು. ನಾನು ಹುಟ್ಟಿದ್ದೇ ಪುಣೆಯಲ್ಲಿ, ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟ್ ಪಕ್ಕದ ತಗಡಿನ ಶೆಡ್ಡಿನಲ್ಲಿ. ಊರಿನ ಮನೆಯ ಕೀಲಿಯನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದಳು. ಕಲ್ಲು ಹೊರುವಾಗ, ಮಲಗುವಾಗ, ಯಾವಾಗಲೂ ಅದು ಅಲ್ಲೇ. ನಾನು ಹಟ ಮಾಡಿದರೆ ಆಡಲು ಅದನ್ನೇ ಕೊಡುತ್ತಿದ್ದಳು.

ಪ್ರಾದೇಶಿಕ ಅಸಮತೋಲನದ ಬಗ್ಗೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿ 39 ತಾಲ್ಲೂಕು ಅತ್ಯಂತ ಹಿಂದುಳಿದವು ಅಂತ ಗುರುತಿಸಿತ್ತು. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ನಮ್ಮ ಜಿಲ್ಲೆಗೆ ಬಂತು. ವರ್ಷಕ್ಕೆ 100 ದಿನದ ಕೆಲಸ. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಸುಳ್ಳು ಹೇಳಬಾರದು. ಆದರೆ ಉಳಿದ ದಿನಗಳಿಗೆ ಏನು ಮಾಡುವುದು? ಅದಕ್ಕೇ ಬಾಗಿಲಿಗೆ ಕೀಲಿ ಬೀಳುತ್ತಿತ್ತು.

2020ರ ಲಾಕ್‌ಡೌನಿನಲ್ಲಿ ಎಲ್ಲರೂ ವಾಪಸ್ ಬಂದೆವು. ಕೈಯಲ್ಲಿ ದುಡ್ಡಿಲ್ಲ, ಊರಲ್ಲಿ ಕೆಲಸವಿಲ್ಲ. ಹೆಂಗಸರಿಗೆಲ್ಲ ಬರುತ್ತಿದ್ದದ್ದು ಒಂದೇ, ರೊಟ್ಟಿ ಬಡಿಯುವುದು. ಜುಲೈನಲ್ಲಿ ನಮ್ಮ ಸ್ವಸಹಾಯ ಸಂಘದ ಏಳು ಜನ ಸೇರಿ ಸಂಘಗಳ ಒಕ್ಕೂಟದಿಂದ ಸಾಲ ತೆಗೆದು, ನದಿ ಕಡೆಯ ಓಣಿಯಲ್ಲಿ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದೆವು. ಕಡಕ್ ರೊಟ್ಟಿ ಮಾಡಿ ಮಾರುವುದು ಅಂತ ನಿರ್ಧಾರ ಆಯಿತು.

ಈಗ ಋಣದ ಮಾತು. ಲೆಕ್ಕದ ಪುಸ್ತಕ ಅಂದರೇನು ಅಂತ ಕೈಹಿಡಿದು ಕಲಿಸಿದ, ಒಕ್ಕೂಟದ ಲೆಕ್ಕ ಬರೆಯುವ ಎಂಬಿಕೆ ಅಕ್ಕ, ಪ್ಯಾಕಿಂಗ್ ಹೇಳಿಕೊಟ್ಟ ಕೃಷಿ ವಿಜ್ಞಾನ ಕೇಂದ್ರದ ಮೇಡಂ, ಮೂರು ಬ್ಯಾಂಕಿನವರು ಆಗಲ್ಲ ಅಂದ ಮೇಲೆ ನಮ್ಮ ಕಾಗದ ಪೂರ್ತಿ ಓದಿ ನೋಡಿದ ನಾಲ್ಕನೇ ಮ್ಯಾನೇಜರ್ ಸರ್, ರಾತ್ರಿ ಹತ್ತಕ್ಕೂ ಜೋಳ ಬೀಸಿಕೊಟ್ಟ ಗಿರಣಿ ಕಾಕಾ, ನಮ್ಮ ಡಬ್ಬಿಗಳನ್ನು ತಾವೇ ಕೈಕೊಟ್ಟು ಬಸ್ಸಿಗೆ ಹತ್ತಿಸಿದ ಕಂಡಕ್ಟರ್ ಅಣ್ಣಂದಿರು, ಎಲ್ಲರಿಗೂ ಶರಣು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪುಕ್ಕಟೆ ಆದ ಮೇಲೆ ಕಲಬುರಗಿಗೆ ದಿನಾ ಹೋಗಿ ಬರುವುದು ಸಾಧ್ಯವಾಯಿತು, ಅದನ್ನೂ ಹೇಳಲೇಬೇಕು.

ಇನ್ನು ಆಯಿ. ಆಯಿ ಬಗ್ಗೆ ಒಂದು ಸಾಲಿನಲ್ಲಿ ಬರೆಯಲು ನನಗೆ ಬರುವುದಿಲ್ಲ.

ಆಯಿ ನನ್ನ ಸ್ವಂತ ಅಜ್ಜಿಯಲ್ಲ, ಓಣಿಗೆಲ್ಲ ಆಯಿ. ಎಪ್ಪತ್ತರ ಮೇಲೆ ವಯಸ್ಸು. ಗುಳೆ ಹೋಗುವವರು ಮನೆಯ ಕೀಲಿಯನ್ನು ಆಯಿ ಕೈಗೆ ಕೊಟ್ಟು ಹೋಗುತ್ತಿದ್ದರು. ನಮ್ಮವ್ವ ಮಾತ್ರ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಳು, ಉಳಿದವರದೆಲ್ಲ ಆಯಿ ಹತ್ತಿರ. ಒಂದು ಸುತಳಿಗೆ ಪೋಣಿಸಿ ಟೊಂಕಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಒಂದೊಂದೇ ಮನೆಯ ಬಾಗಿಲು ತೆಗೆದು, ಕಸ ಹೊಡೆದು, ದೇವರ ಮುಂದೆ ದೀಪ ಹಚ್ಚಿ, ಮತ್ತೆ ಕೀಲಿ ಹಾಕಿ ಬರುತ್ತಿದ್ದಳು. ಇದಕ್ಕೆ ಯಾರೂ ಅವಳಿಗೆ ದುಡ್ಡು ಕೊಟ್ಟಿಲ್ಲ. ಅವಳು ಕೇಳಿದವಳೂ ಅಲ್ಲ.

ಅಕ್ಟೋಬರ್ 2020. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಸೊನ್ನ ಬ್ಯಾರೇಜಿನ ಗೇಟುಗಳೂ ತೆರೆದಿದ್ದವು. ಭೀಮೆ ಹೇಗೆ ಬಂದಳು ಅಂತ ದಂಡೆಯ ಊರಿನವರಿಗೆ ಹೇಳಬೇಕಿಲ್ಲ. ಸಂಜೆ ಹೊತ್ತಿಗೆ ಓಣಿಯ ಬಾಯಿಗೆ ನೀರು ಬಂದಿತ್ತು. ಟ್ರ್ಯಾಕ್ಟರ್‌ನಲ್ಲಿ ಜನರನ್ನು ಮೇಲಿನ ಶಾಲೆಗೆ ಸಾಗಿಸುತ್ತಿದ್ದರು. ಶೆಡ್ಡಿನಲ್ಲಿ ಜೋಳದ ಚೀಲಗಳು ಇದ್ದವು, ಜೊತೆಗೆ ಪುಣೆಯ ಒಂದು ಅಂಗಡಿಗೆ ದಸರೆಗೆ ಕಳಿಸಬೇಕಿದ್ದ 2,400 ಕಡಕ್ ರೊಟ್ಟಿ, ಡಬ್ಬಿಗೆ ತುಂಬಿಟ್ಟದ್ದು. ಅದು ನಮ್ಮ ಮೊದಲ ದೊಡ್ಡ ಆರ್ಡರ್. ನನ್ನ ಜೊತೆಯವರಿಗೆ ಮಕ್ಕಳು, ಅತ್ತೆ ಮಾವ, ದನ ಕರು ಇದ್ದವು. ಅವರು ಹೋದರು, ಹೋಗಲೇಬೇಕಿತ್ತು. ನಾನು ಶೆಡ್ಡಿನಲ್ಲಿ ಒಬ್ಬಳೇ ನಿಂತು ಚೀಲ ಎಳೆಯುತ್ತಿದ್ದೆ. ಒಂದೂ ಅಲುಗಾಡಲಿಲ್ಲ.

ಆಗ ಬಂದಳು ಆಯಿ. ಟ್ರ್ಯಾಕ್ಟರ್ ಹತ್ತು ಅಂದರೆ ಹತ್ತಲಿಲ್ಲವಂತೆ. "ಮಂದಿ ಕೀಲಿ ನನ್ನ ಕೈಯಾಗ ಕೊಟ್ಟ ಹೋಗ್ಯಾರ. ನಾ ಹ್ಯಾಂಗ ಹೋಗಲಿ?" ಅಂದಳಂತೆ. ಅನ್‌ಲಾಕ್ ಆದ ಮೇಲೆ ಕೆಲವರು ಮತ್ತೆ ಪುಣೆ ಹಾದಿ ಹಿಡಿದಿದ್ದರಲ್ಲ, ಅವರ ಕೀಲಿಗಳು.

ಜೋಳ ಬಿಡು ಅಂದಳು. ಡಬ್ಬಿ ಹಿಡಿ ಅಂದಳು. ಮೊಣಕಾಲು ಮಟ್ಟದ ನೀರಿನಲ್ಲಿ ಇಬ್ಬರೂ ಸೇರಿ ಡಬ್ಬಿಗಳನ್ನು ಹನುಮಪ್ಪನ ಗುಡಿ ಕಟ್ಟೆಗೆ ಹೊತ್ತೆವು. ಎಷ್ಟು ಸಲ ಹೋಗಿ ಬಂದೆವೋ ನೆನಪಿಲ್ಲ. ಕೊನೆಯ ಡಬ್ಬಿ ಇಟ್ಟಾಗ ಮಳೆ ಶುರುವಾಯಿತು. ಗುಡಿಯ ಮುಂದಿನ ತಗಡು ಸೋರುತ್ತಿತ್ತು. ಆಯಿ ಗಂಟು ಬಿಚ್ಚಿ ಕೌದಿ ತೆಗೆದಳು. ಮನೆಯಿಂದ ಅವಳು ಹೊತ್ತು ತಂದದ್ದು ಅದೊಂದೇ. ಹಳೆಯ ಇಳಕಲ್ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ತಾನೇ ಹೊಲಿದ ಕೌದಿ, ಅಂಚಿಗೆ ಕೆಂಪು ಸೆರಗಿನ ತುಂಡು. ಅದನ್ನು ಡಬ್ಬಿಗಳ ಮೇಲೆ ಹೊದಿಸಿದಳು. ತಾನು ಒದ್ದೆ ಸೀರೆಯಲ್ಲೇ ಕೂತಳು.

ಆ ರಾತ್ರಿ ನಾನು ತುಂಬಾ ಅತ್ತೆ. ಶೆಡ್ ಹೋಯಿತು, ಜೋಳ ಹೋಯಿತು, ಸಾಲ ಹೇಗೆ ಕಟ್ಟಲಿ ಅಂತ. ಪುಣೆಯ ಆ ಶೆಡ್ಡಿಗೇ ವಾಪಸ್ ಹೋಗಿಬಿಡುತ್ತೇನೆ ಅಂದೆ. ಆಯಿ ಸಮಾಧಾನದ ಮಾತು ಆಡಲಿಲ್ಲ. ಕತ್ತಲಲ್ಲಿ ಕೀಲಿಗಳನ್ನು ಒಂದೊಂದೇ ಮುಟ್ಟಿ, ಇದು ಇಂಥವರ ಮನೆದು, ಇದು ಇಂಥವರದು ಅಂತ ಹೇಳುತ್ತಾ ಹೋದಳು. ಮುಟ್ಟಿದರೇ ಅವಳಿಗೆ ಗೊತ್ತಾಗುತ್ತಿತ್ತು. ಪ್ರತಿ ಮನೆಯವರು ಎಲ್ಲಿದ್ದಾರೆ, ಮಕ್ಕಳು ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟರು, ಯಾರು ಅಲ್ಲೇ ತೀರಿಕೊಂಡರು, ಎಲ್ಲ ಹೇಳಿದಳು. ಬೆಳಕು ಹರಿಯುವವರೆಗೂ ಹೇಳಿದಳು.

ಮುಂಜಾನೆ ಶಾಲೆಗೆ ಹೋದರೆ ಮಕ್ಕಳು ಹಸಿದು ಅಳುತ್ತಿದ್ದವು. ಕಾಳಜಿ ಕೇಂದ್ರಕ್ಕೆ ಅಕ್ಕಿ ಬೇಳೆ ಇನ್ನೂ ಬಂದಿರಲಿಲ್ಲ, ದಾರಿ ಕಡಿದಿತ್ತು. ಆಯಿ ನೇರ ವಾಪಸ್ ಬಂದು ಡಬ್ಬಿ ಬಿಚ್ಚತೊಡಗಿದಳು. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ನಾನು ಅವಳ ಕೈ ಹಿಡಿದೆ. "ಆಯಿ, ಅದು ಆರ್ಡರಿನ ಮಾಲು" ಅಂದೆ. ಹಸಿದ ಮಕ್ಕಳ ಅಳು ಕೇಳಿ ಬಂದ ಮೇಲೂ ಆ ಮಾತು ನನ್ನ ಬಾಯಲ್ಲಿ ಬಂತು. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಯಿ ಬೈಯಲಿಲ್ಲ. "ವಹಿ ಐತೇನು ನಿನ್ನ ಕಡಿ? ಬರಕೋ. ಯಾರ ಮನಿಗಿ ಎಷ್ಟ ಹೋದವು ಎಲ್ಲ ಬರಕೋ" ಅಂದಳು. ಅಷ್ಟೇ. ಅವಳು ಎಣಿಸಿ ಕೊಟ್ಟಳು, ನಾನು ಬರೆದೆ. 61 ಮನೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಪೊಟ್ಟಣಗಳೂ ಹೋದವು.

ಆ ಚಳಿಗಾಲ ಕೇಂದ್ರ ಮುಚ್ಚೇ ಇತ್ತು. ಫೆಬ್ರವರಿ ಕೊನೆಗೆ ಹಿಂಗಾರಿ ಜೋಳದ ರಾಶಿ ಆಯಿತು. ಒಂದು ದಿನ ಓಣಿಯ ವೈನಿಯೊಬ್ಬರು ಪುಟ್ಟಿಯಲ್ಲಿ ನಾಲ್ಕು ಸೇರು ಬಿಳಿ ಜೋಳ ತಂದು ನಮ್ಮ ಕಟ್ಟೆ ಮೇಲೆ ಇಟ್ಟರು. "ರೊಟ್ಟಿ ಲೆಕ್ಕ" ಅಂದರು. ಮರುದಿನ ಇನ್ನಿಬ್ಬರು. ಆಮೇಲೆ ದಿನಾ ಯಾರಾದರೂ ಬರುತ್ತಿದ್ದರು. ಎರಡು ಸೇರು, ಐದು ಸೇರು, ಒಬ್ಬರು ಅರ್ಧ ಚೀಲ. ಕೆಲವರು ಕೊಡಲಿಲ್ಲ, ಅವರ ಹೊಲದಲ್ಲಿ ಮರಳು ತುಂಬಿತ್ತು. ಅವರನ್ನು ಕೇಳಲು ಆಯಿ ನನ್ನನ್ನು ಬಿಡಲಿಲ್ಲ. ಆ ಜೋಳದಿಂದಲೇ ನಾವು ಎರಡನೇ ಸಲ ಒಲೆ ಹಚ್ಚಿದ್ದು, ಈ ಸಲ ಮೇಲಿನ ಓಣಿಯಲ್ಲಿ. ಬ್ಯಾಂಕಿನ ಸಾಲ, ಕಿರು ಆಹಾರ ಸಂಸ್ಕರಣಾ ಯೋಜನೆಯ ಶೇ. 35 ಮತ್ತು ಅದರ ಮೇಲೆ ರಾಜ್ಯ ಸರ್ಕಾರ ಹೆಚ್ಚುವರಿಯಾಗಿ ಕೊಟ್ಟ ಶೇ. 15 ಸಹಾಯಧನ, ಅದೆಲ್ಲ 2022ರ ಮಾತು. ಎಲ್ಲರೂ ಅದರ ಬಗ್ಗೆಯೇ ಕೇಳುತ್ತಾರೆ. ನಮ್ಮ ಮೊದಲ ಬಂಡವಾಳ ಮಾತ್ರ ಆ 61 ಮನೆಯದು.

ಆಯಿಯಿಂದ ಕಲಿತ ಇನ್ನೊಂದು ವಿಷಯ ಹೇಳದೆ ಇರಲಾರೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ಅಂಗೈ ಬುಡದಿಂದ ನಾದಬೇಕು, ಆಗಲೇ ಹಿಟ್ಟು ಜಿಗಿ ಹಿಡಿಯುವುದು. ಬೀಸಿ ಬಹಳ ದಿನ ಇಟ್ಟ ಹಿಟ್ಟಾದರೆ ಎಷ್ಟು ನಾದಿದರೂ ಅಂಚು ಬಿರಿಯುತ್ತದೆ. ಆಯಿ ಒಂದು ಉಂಡೆ ತೆಗೆದುಕೊಂಡು ಬೆರಳಲ್ಲಿ ಒತ್ತಿ, ಅದರ ಅಂಚು ನೋಡಿ, ಈ ಹಿಟ್ಟು ಎಷ್ಟು ದಿನದ್ದು ಅಂತ ಹೇಳುತ್ತಾಳೆ. ಪುಣೆಗೆ ಹೋದ ನಮ್ಮ ರೊಟ್ಟಿ ಪುಡಿಯಾಗದೆ ತಲುಪುತ್ತಿರುವುದು ಅವಳು ದಿನಾ ಒಂದು ಉಂಡೆ ಒತ್ತಿ ನೋಡುವುದರಿಂದ.

ಎರಡು ವರ್ಷದ ಹಿಂದೆ ರೊಟ್ಟಿ ಮಷಿನ್ ತರುವ ಮಾತು ಬಂತು. 2023 ಸಿರಿಧಾನ್ಯ ವರ್ಷ ಅಂತ ಬೆಂಗಳೂರಿನಿಂದ ಬೇಡಿಕೆ ಜಾಸ್ತಿ ಆಗಿತ್ತು, ನಮ್ಮ ಕೈ ಸಾಲುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿದೆವು. ಮಷಿನ್ ಬಂದರೆ ರೊಟ್ಟಿ ಹೆಚ್ಚುತ್ತದೆ, ಆದರೆ ಮೂರು ಜನ ಸಾಕಾಗುತ್ತದೆ. ಆಗ ನಾವು ಹದಿನಾಲ್ಕು ಜನ. ಉಳಿದ ಹನ್ನೊಂದು ಜನ ಎಲ್ಲಿಗೆ ಹೋಗಬೇಕು? ಹಿಟ್ಟು ಬೀಸಲು, ನಾದಲು ಮಷಿನ್ ತಂದೆವು. ಅದು ರಟ್ಟೆ ನೋವಿನ ಕೆಲಸ, ಮಷಿನ್ ಮಾಡಲಿ. ಬಡಿಯುವುದು ಮಾತ್ರ ಕೈಯಲ್ಲೇ. ಇದು ವ್ಯಾಪಾರಕ್ಕೆ ಸರಿಯಲ್ಲ ಅಂತ ನನಗೆ ಪ್ರೀತಿಯಿಂದಲೇ ಬುದ್ಧಿ ಹೇಳಿದವರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ನಾವು ಕೇಂದ್ರ ಶುರು ಮಾಡಿದ್ದೇ ಊರಲ್ಲಿ ಕೆಲಸ ಇರಲಿ ಅಂತ. ಈಗ ಹತ್ತೊಂಬತ್ತು ಜನ ಇದ್ದೇವೆ. ಜೋಳವನ್ನೂ ಊರ ರೈತರ ಹತ್ತಿರವೇ ಕೊಳ್ಳುತ್ತೇವೆ. ಪೂರಾ ತೊಗರಿಗೆ ತಿರುಗಿದ್ದ ಕೆಲವರು ಒಂದೆರಡು ಎಕರೆ ಮತ್ತೆ ಮಾಲ್ದಂಡಿ ಜೋಳ ಬಿತ್ತುತ್ತಿದ್ದಾರೆ. ದನಗಳಿಗೆ ಕಣಿಕಿಯೂ ಆಗುತ್ತದೆ, ಅಲ್ವಾ.

ಕಳೆದ ಸೆಪ್ಟೆಂಬರ್ ಕೊನೆಗೆ ಭೀಮೆ ಮತ್ತೆ ಏರಿದಳು. ಮೇಲಿನ ಓಣಿಗೆ ನೀರು ಬರಲಿಲ್ಲ. ಯಾರೂ ಹೇಳುವ ಮೊದಲೇ ನಮ್ಮ ಹೆಂಗಸರು ಡಬ್ಬಿ ಬಿಚ್ಚಿ, ವಹಿ ತೆಗೆದುಕೊಂಡು ಶಾಲೆಗೆ ಹೋದರು. ನಾನು ಹೋಗುವಷ್ಟರಲ್ಲಿ ಅರ್ಧ ಹಂಚಿ ಆಗಿತ್ತು.

ಆಯಿಗೆ ಈಗ ಮೊಣಕಾಲು ನೋವು. ಬಡಿಯುವುದಿಲ್ಲ, ಕುರ್ಚಿ ಮೇಲೆ ಕೂತು ಅಂಚು ನೋಡುತ್ತಾಳೆ. ಸೋಮವಾರ ಬ್ಯಾಂಕಿನಿಂದ ಬಂದು ಪಾಸ್‌ಬುಕ್ ಅವಳ ಕೈಗೆ ಕೊಟ್ಟೆ. ಓದು ಬರದು. ಸೊನ್ನೆ ಎಲ್ಲಿದೆ ತೋರಿಸು ಅಂದಳು, ತೋರಿಸಿದೆ. ಅದರ ಮೇಲೆ ಬೆರಳು ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಅವಳ ಟೊಂಕದ ಸುತಳಿ ನೋಡಿದೆ. ಈ ವರ್ಷ ದೀಪಾವಳಿ ಕಳೆದು, ಎಳ್ಳ ಅಮಾವಾಸ್ಯೆ ಕಳೆದು ಸಂಕ್ರಾಂತಿಯೂ ಆಯಿತು. ಸುತಳಿಯಲ್ಲಿ ಇದ್ದದ್ದು ನಾಲ್ಕು ಕೀಲಿ. ಮೊದಲೆಲ್ಲ ಮೂವತ್ತರ ಮೇಲೆ ಇರುತ್ತಿದ್ದವು.

ಆ ನಾಲ್ಕು ಮನೆಗಳಲ್ಲಿ ಎರಡು ಮನೆಯ ಹೆಂಗಸರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ಯುಗಾದಿಗೆ ಬಂದು ನೋಡುತ್ತೇವೆ ಅಂದಿದ್ದಾರೆ. ಅವರಿಗೆ ಒಲೆ ಹಾಕಲು ಜಾಗ ಬೇಕು, ಹಿಂದಿನ ಗೋಡೆ ಒಡೆದು ಪಡಸಾಲೆ ದೊಡ್ಡದು ಮಾಡಬೇಕಾಗಿದೆ.

ಬರುವ ಭಾನುವಾರ ಕೇಂದ್ರಕ್ಕೆ ರಜೆ. ಮಧ್ಯಾಹ್ನ ಎಲ್ಲರೂ ಸೇರಿ ಊಟ ಮಾಡುತ್ತೇವೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಹಿಂಡಿ, ಗಟ್ಟಿ ಮೊಸರು. ಈ ಕಡೆ ಬರುವವರು ಖಂಡಿತ ಬನ್ನಿ, ಬುತ್ತಿ ಕಟ್ಟಿಕೊಂಡು ಬರಬೇಡಿ. ಆಯಿ ಬಾಗಿಲ ಹತ್ತಿರವೇ ಕೂತಿರುತ್ತಾಳೆ.