ಗುಂಡಿಗೆ ಇಳಿಯುವ ಮುಂಚೆ

ಪುಟ್ಟಿ,

ಸೋಮವಾರ ಗುಜರಾತಿನಲ್ಲಿರುವ ಸಿಂಧೂ ನಾಗರಿಕತೆಯ ಹಳೇ ಊರು ಲೋಥಲ್‌ಗೆ ಹೊರಡುತ್ತೀಯಂತೆ. ಅಮ್ಮ ಹೇಳಿದಳು. ಗುಂಡಿಗೆ ಇಳಿಯುವ ಬಗ್ಗೆ ಫೋನಿನಲ್ಲಿ ಆಡಿದ ಮಾತೆಲ್ಲ ಮತ್ತೆ ಬೇಡ. ನನ್ನ ದನಿ ಜಾಸ್ತಿ ಏರಿತು, ಅದಕ್ಕೆ ಬೇಜಾರಿದೆ. ಹೇಳಿದ ವಿಷಯಕ್ಕಲ್ಲ.

2024ರ ನವೆಂಬರಿನಲ್ಲಿ ಅಲ್ಲೇ, ಮಣ್ಣಿನ ಮಾದರಿ ತೆಗೆಯಲು ಗುಂಡಿಗೆ ಇಳಿದಿದ್ದ ಹುಡುಗಿಯೊಬ್ಬಳು ಮಣ್ಣು ಕುಸಿದು ತೀರಿಕೊಂಡಳು. ಅವಳೂ ನಿನ್ನ ಹಾಗೇ ಸಂಶೋಧನೆಗೆ ಹೋದವಳು. ಅವಳ ಅಪ್ಪನೂ ಬಸ್ಸು, ಊಟ, ನಿದ್ದೆ ಅಂತ ವಿಚಾರಿಸಿರುತ್ತಾನೆ. ಗುಂಡಿಯ ಬಗ್ಗೆ ಯಾರು ಕೇಳುತ್ತಾರೆ?

ನಾನು ಕೇಳುತ್ತೇನೆ. ಪಾಯ ತೋಡಿಸಿಯೇ ಬದುಕಿದವನು ನಾನು. ಅಲ್ಲಿಯದು ನದಿ ತಂದು ಹಾಕಿದ ಮೆಕ್ಕಲು ಮಣ್ಣು. ಆ ಕಾಲದ ಊರಿನವರು ನೆರೆಗೆ ಹೆದರಿ ಹಸಿ ಇಟ್ಟಿಗೆಯ ಎತ್ತರದ ಜಗಲಿ ಎಬ್ಬಿಸಿ, ಅದರ ಮೇಲೆ ಮನೆ ಕಟ್ಟಿಕೊಂಡರು. ನೀರು ನುಗ್ಗಿತು, ಮತ್ತೆ ಕಟ್ಟಿದರು. ಕ್ರಿ.ಪೂ. 1900ರ ಸುಮಾರಿನ ದೊಡ್ಡ ನೆರೆಯ ನಂತರ ಊರು ಮೊದಲಿನಂತಾಗಲೇ ಇಲ್ಲ. ಅಷ್ಟು ಗಟ್ಟಿ ಜನರನ್ನು ಸೋಲಿಸಿದ ಮಣ್ಣಿನೊಳಗೆ ನೀನು ಇಳಿಯುತ್ತೀಯ.

ಎದೆಮಟ್ಟಕ್ಕಿಂತ ಆಳವಿದ್ದರೆ ಹಲಗೆ ಆನಿಸದೆ ಇಳಿಯಬೇಡ. ತೆಗೆದ ಮಣ್ಣು ಅಂಚಿನಲ್ಲೇ ಗುಡ್ಡೆ ಬಿದ್ದಿದ್ದರೆ ದೂರ ಹಾಕಿಸು. ಏಣಿ ಒಳಗೇ ಇರಲಿ. ಗೋಡೆಯಲ್ಲಿ ಕೂದಲೆಳೆ ಬಿರುಕು ಕಂಡರೂ, ನೀರು ಜಿನುಗಿದರೂ ಮೇಲೆ ಬಾ. ಪ್ರೊಫೆಸರ್ ಕೆಳಗಿದ್ದರೆ ಅವರನ್ನೂ ಎಬ್ಬಿಸಿಕೊಂಡು ಬಾ. ಅವರಿಗೆ ಇತಿಹಾಸ ಗೊತ್ತು, ಮಣ್ಣು ನನಗೆ ಗೊತ್ತು. ಪಾಠ ಶುರುವಾಯಿತು ಅಂತ ನಗಬೇಡ.

1955ರಿಂದ ಅಲ್ಲಿ ಅಗೆಸಿದವರು ನಮ್ಮ ಕನ್ನಡದವರೇ, ಶಿಕಾರಿಪುರ ರಂಗನಾಥ ರಾವ್, ಅಲ್ವಾ? ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿದ ಅಲ್ಲಿನ ದೊಡ್ಡ ತೊಟ್ಟಿ ಸುಮಾರು 214 ಮೀಟರ್ ಉದ್ದ, 36 ಮೀಟರ್ ಅಗಲವಂತೆ. ಅವರು ಹಡಗುಕಟ್ಟೆ ಎಂದರು. ಬರೀ ಕೆರೆ ಅನ್ನುವವರೂ ಇದ್ದಾರೆ. ಆ ಜಗಳ ನಿನಗಿರಲಿ, ನನ್ನ ಕಣ್ಣು ಇಟ್ಟಿಗೆಯ ಮೇಲೆ. ಎತ್ತರ 1 ಪಾಲಾದರೆ ಅಗಲ 2, ಉದ್ದ 4. ಸಿಂಧೂ ದಡದಿಂದ ಗುಜರಾತಿನವರೆಗೂ ಅದೇ ಲೆಕ್ಕ! ನಮ್ಮ ಭಟ್ಟಿಯವನು ಎರಡು ಲೋಡಿಗೆ ಒಂದೇ ಅಳತೆ ಕೊಡಲಾರ. ಇಂಥ ಕೆಲಸ ನೋಡಲು ನನ್ನ ಮಗಳು ಹೋಗ್ತಿದ್ದಾಳೆ ಅಂತ ಸಿಮೆಂಟ್ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿನ್ನ ಹತ್ತಿರ ಬರೀ ಬೈದಿದ್ದೇ ಆಯಿತು.

ಹೋದ ದಿನವೇ ಫೋಟೋ ಕಳಿಸು. ಗುಂಡಿಯ ಗೋಡೆ ನಾಲ್ಕೂ ಕಾಣಬೇಕು. ನಿನ್ನ ಮುಖದ್ದು ಅಮ್ಮನಿಗೆ ಕಳಿಸು.

ಅಪ್ಪ