ತರಗತಿಯೊಳಗೆ ಬಂದು ತೋರಿಸಿಕೊಡುವವರನ್ನು ಕೊಡಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ಆಟಿಸಂ ಇರುವ 9 ವರ್ಷದ ಬಾಲಕನ ತಾಯಿ ನಾನು. ಕಳೆದ 4 ವರ್ಷಗಳಲ್ಲಿ ಶಾಲೆಯ ಮುಖ್ಯಶಿಕ್ಷಕರಿಗೆ, ಅವರ ಮೇಲಧಿಕಾರಿಗಳಿಗೆ, ಕೊನೆಗೆ ತಮ್ಮ ಕಚೇರಿಗೆ ನಾನು ಸಲ್ಲಿಸಿದ ಮನವಿಗಳ ಪ್ರತಿಗಳು ಒಂದು ದಪ್ಪ ಕಡತವಾಗಿವೆ. ಬಂದ ಉತ್ತರಗಳೆಲ್ಲ ಒಂದೇ ಧಾಟಿಯವು: ‘ಸಿಬ್ಬಂದಿಗೆ ಈಗಾಗಲೇ ತರಬೇತಿ ನೀಡಲಾಗಿದೆ.’ ಆ ಒಂದು ವಾಕ್ಯವನ್ನು ಇನ್ನು ಮೇಲೆ ನಾನು ಒಪ್ಪಲಾರೆ. ಯಾಕೆ ಒಪ್ಪಲಾರೆ ಎಂಬುದನ್ನು ತಿಳಿಸಲು ಒಂದು ದಿನದ ಘಟನೆಯನ್ನು ವಿವರವಾಗಿ ಹೇಳಬೇಕಾಗಿದೆ. ದಯವಿಟ್ಟು ಪೂರ್ತಿ ಓದಬೇಕು.

ಅಂದು ವಾರ್ಷಿಕೋತ್ಸವದ ತಾಲೀಮಿಗಾಗಿ ಬೆಳಗಿನ ಎರಡು ಅವಧಿಗಳನ್ನು ರದ್ದು ಮಾಡಿದ್ದರು. ನನ್ನ ಮಗನ ಮೇಜಿನ ಮೇಲೆ ದಿನಚರಿಯ ಚಿತ್ರಪಟ್ಟಿಯೊಂದು ಇರುತ್ತದೆ: ಗಣಿತ, ಬಿಡುವು, ಚಿತ್ರಕಲೆ, ಊಟ, ಮನೆ. ಒಂದು ಕೆಲಸ ಮುಗಿದಾಗ ಅದರ ಚಿತ್ರವನ್ನು ಕಿತ್ತು ಲಕೋಟೆಗೆ ಹಾಕುತ್ತಾನೆ, ಮುಂದಿನದು ಏನೆಂದು ಆಗ ಅವನಿಗೆ ತಿಳಿಯುತ್ತದೆ. ಉಳಿದ ಮಕ್ಕಳು ಅದರೊಂದಿಗೆ ಆಡುತ್ತಾರೆಂಬ ಕಾರಣಕ್ಕೆ ಶಿಕ್ಷಕಿ ಆ ಪಟ್ಟಿಯನ್ನು ಕಪಾಟಿನೊಳಗೆ ಇಟ್ಟಿದ್ದರು. ಹೊರಗೆ ಧ್ವನಿವರ್ಧಕದ ಪರೀಕ್ಷೆ ಶುರುವಾದಾಗ ಅವನು ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿಕೊಂಡ. ಶಿಕ್ಷಕಿ ‘ಹೊರಗೆ ಬಾ’ ಎಂದರು. ಅವನೂ ‘ಹೊರಗೆ ಬಾ’ ಎಂದ. ‘ಏನು, ಅಣಕಿಸ್ತೀಯಾ?’ ಎಂದು ಅವರು ಗದರಿದರು. ‘ಏನು, ಅಣಕಿಸ್ತೀಯಾ?’ ಎಂದು ಅದೇ ದನಿಯಲ್ಲಿ ಅವನೂ ಹೇಳಿದ. ತರಗತಿ ನಕ್ಕಿತು. ಸಿಬ್ಬಂದಿಯಲ್ಲಿ ಇಬ್ಬರನ್ನು ಕರೆಸಿ, ಕೈಕಾಲು ಹಿಡಿದು ಎತ್ತಿಕೊಂಡು ಹೋಗಿ, ಆಟದ ಸಾಮಗ್ರಿಗಳ ಕೋಣೆಯಲ್ಲಿ ಅವನನ್ನು ಬಿಟ್ಟು ಹೊರಗಿನಿಂದ ಚಿಲಕ ಹಾಕಲಾಯಿತು. ನಾನು ತಲುಪುವ ಹೊತ್ತಿಗೆ 35 ನಿಮಿಷಗಳಾಗಿದ್ದವು. ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡಿದ್ದ. ಹಲ್ಲಿನ ಗುರುತುಗಳು ಕೆಂಪಗೆ ಮೂಡಿದ್ದವು. ಅದಾದ ಮೇಲೆ 11 ದಿನ ಅವನು ಶಾಲೆಯ ಚೀಲವನ್ನು ಮುಟ್ಟಲಿಲ್ಲ. ಇಂದಿಗೂ ಮಲಗುವ ಮುನ್ನ, ದೀಪ ಆರಿಸಿದ ಮೇಲೆ, ‘ಏನು, ಅಣಕಿಸ್ತೀಯಾ’ ಎಂದು ಆ ಶಿಕ್ಷಕಿಯ ದನಿಯಲ್ಲೇ ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಮಾನ್ಯರೇ, ಕೇಳಿದ ಮಾತನ್ನು ಹಾಗೆಯೇ ಮರುನುಡಿಯುವುದು ಅಣಕವಲ್ಲ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಗಮನಿಸಿ ಆಟಿಸಂ ಕುರಿತು ಬರೆದ ಮೊದಲ ಲೇಖನದಲ್ಲಿಯೇ ಈ ಲಕ್ಷಣ ದಾಖಲಾಗಿದೆ. ಮಾತು ಕೈಗೆ ಸಿಗದಿದ್ದಾಗ, ಅದರಲ್ಲೂ ಭಯವಾದಾಗ, ಎಷ್ಟೋ ಮಕ್ಕಳು ಕಿವಿಗೆ ಬಿದ್ದ ಮಾತನ್ನೇ ಹಿಡಿದುಕೊಳ್ಳುತ್ತಾರೆ. 80 ವರ್ಷಗಳಿಗೂ ಹಿಂದೆಯೇ ತಿಳಿದಿದ್ದ ಈ ಸಂಗತಿ ನನ್ನ ಮಗನ ತರಗತಿಯನ್ನು ಇನ್ನೂ ತಲುಪಿಲ್ಲ.

ಆ ಶಿಕ್ಷಕಿಯ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಅವರು ಕೆಟ್ಟವರಲ್ಲ. ಮರುದಿನ ನನ್ನೆದುರು ಕುಳಿತು ಕಣ್ಣೀರು ಹಾಕಿದರು. ಘಟನೆಗೆ 2 ತಿಂಗಳ ಮೊದಲು ಅವರು ಆಟಿಸಂ ಕುರಿತ ಕಾರ್ಯಾಗಾರಕ್ಕೆ ಹೋಗಿದ್ದರು. ಪ್ರಮಾಣಪತ್ರ ಅವರ ಬಳಿ ಇದೆ. ‘ಬೆಳಗಿನಿಂದ ಸಂಜೆಯವರೆಗೆ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು, ಬರೆದುಕೊಂಡೆ. ಆದರೆ ಮಗು ಮೇಜಿನ ಕೆಳಗೆ ಹೋದಾಗ ನಾನು ಎಲ್ಲಿ ನಿಲ್ಲಬೇಕು, ಏನು ಹೇಳಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಯಾರೂ ನನ್ನ ಜೊತೆಗಿದ್ದು ತೋರಿಸಿಕೊಟ್ಟಿಲ್ಲ’ ಎಂದರು. ನನ್ನ ಕಡತದಲ್ಲಿರುವ ಯಾವ ಉತ್ತರದಲ್ಲೂ ಇಷ್ಟು ಪ್ರಾಮಾಣಿಕವಾದ ಮಾತು ಇಲ್ಲ.

ನನ್ನ ಮುಖ್ಯ ಬೇಡಿಕೆ ಅದೇ: ಜೊತೆಗಿದ್ದು ತೋರಿಸಿಕೊಡುವವರನ್ನು ಶಾಲೆಗಳಿಗೆ ಕೊಡಿ. ಆಟಿಸಂ ಇರುವ ಮಕ್ಕಳೊಂದಿಗೆ ಕೆಲಸ ಮಾಡಿ ಪಳಗಿದ ಒಬ್ಬರು ತರಗತಿಯಲ್ಲಿ ಕುಳಿತು ಮಗುವನ್ನೂ ಶಿಕ್ಷಕರನ್ನೂ ಗಮನಿಸಬೇಕು, ತಾವೇ ಒಮ್ಮೆ ಮಾಡಿ ತೋರಿಸಬೇಕು, ಶಿಕ್ಷಕರು ಮಾಡುವಾಗ ಪಕ್ಕದಲ್ಲಿರಬೇಕು, ಎಲ್ಲಿ ಎಡವಿದರೆಂದು ತಾಳ್ಮೆಯಿಂದ ಹೇಳಬೇಕು, ಕೆಲವು ವಾರ ಬಿಟ್ಟು ಮತ್ತೆ ಬರಬೇಕು. ಮತ್ತೆ ಬರುವುದೇ ಇದರಲ್ಲಿ ಮುಖ್ಯ. ಉಪನ್ಯಾಸ ಕೇಳಿ ಹೋದ ಶಿಕ್ಷಕರಲ್ಲಿ ಬಹುತೇಕರು ಅದನ್ನು ತರಗತಿಯಲ್ಲಿ ಬಳಸುವುದಿಲ್ಲ, ಬಳಕೆಗೆ ಬರಬೇಕಾದರೆ ತರಗತಿಯಲ್ಲೇ ಕೋಚಿಂಗ್, ಅಂದರೆ ಹೀಗೆ ಜೊತೆಗಿದ್ದು ಕಲಿಸುವುದು, ಬೇಕು ಎಂದು ಶಿಕ್ಷಕರ ತರಬೇತಿಯನ್ನು ಅಧ್ಯಯನ ಮಾಡಿದ ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲಿಯೇ ಹೇಳಿದ್ದರು. ಆಟಿಸಂ ಇರುವ ಮಕ್ಕಳ ಶಿಕ್ಷಕರ ವಿಷಯದಲ್ಲಿ ಅಮೆರಿಕದ ಸಂಶೋಧಕಿ ಲೀಸಾ ರೂಬಲ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೋಷಕರೂ ಶಿಕ್ಷಕರೂ ಒಟ್ಟಿಗೆ ಕುಳಿತು ಮಗುವಿಗೆ ಗುರಿಗಳನ್ನು ನಿಗದಿಪಡಿಸುವ ಒಂದು ಸಮಾಲೋಚನೆ, ಆಮೇಲೆ ಶಾಲಾ ವರ್ಷದುದ್ದಕ್ಕೂ 4 ಬಾರಿ ಕೋಚಿಂಗ್, ಇಷ್ಟೇ ಇದ್ದದ್ದು. ಅದು ಸಿಕ್ಕ ಶಿಕ್ಷಕರ ಬಳಿ ಕಲಿತ ಮಕ್ಕಳು ತಮ್ಮ ಗುರಿಗಳತ್ತ ಸಾಗಿದಷ್ಟು ಉಳಿದ ಮಕ್ಕಳು ಸಾಗಲಿಲ್ಲ. ದೂರದ ಶಾಲೆಗಳಿಗೆ ಪರಿಣತರು ಸಿಗುವುದಿಲ್ಲವೆಂಬ ನೆಪವೂ ನಿಲ್ಲುವುದಿಲ್ಲ, ಏಕೆಂದರೆ ಅದೇ ತಂಡದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಡಿಯೋ ಕರೆಯ ಮೂಲಕ ನಡೆಸಿದ ಕೋಚಿಂಗ್ ಕೂಡ ಒಳ್ಳೆಯ ಫಲ ಕೊಟ್ಟಿತು.

ಇನ್ನೊಂದು ವಿಷಯ. ನನ್ನ ಮಗನ ಕೈಕಾಲು ಹಿಡಿದವರು ಶಿಕ್ಷಕರಲ್ಲ. ಅವರನ್ನು ಯಾವ ಕಾರ್ಯಾಗಾರಕ್ಕೂ ಯಾರೂ ಕರೆದಿರಲಿಲ್ಲ. ಗಂಟೆ ಬಾರಿಸುವವರು, ಊಟ ಬಡಿಸುವವರು, ವಾಹನದ ಚಾಲಕರು, ಶೌಚಾಲಯಕ್ಕೆ ಕರೆದೊಯ್ಯುವ ಆಯಾಗಳು, ಇವರೆಲ್ಲರೂ ದಿನವಿಡೀ ಈ ಮಕ್ಕಳ ಎದುರಿಗೆ ಬರುತ್ತಾರೆ. ಗದ್ದಲವೆಲ್ಲ ಇರುವುದು ಬಿಡುವಿನ ಹೊತ್ತಿನಲ್ಲಿ ಮತ್ತು ವಾಹನದೊಳಗೆ. ಅವರನ್ನು ಬಿಟ್ಟು ನಡೆಸುವ ತರಬೇತಿ ಅರ್ಧ ತರಬೇತಿಯೂ ಅಲ್ಲ. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 24ನೇ ವಿಧಿಯು ಶಿಕ್ಷಣದ ಎಲ್ಲ ಹಂತಗಳಲ್ಲಿ ಕೆಲಸ ಮಾಡುವ ವೃತ್ತಿಪರರಿಗೆ ಮತ್ತು ಸಿಬ್ಬಂದಿಗೆ ತರಬೇತಿ ನೀಡಬೇಕೆಂದು ಹೇಳುತ್ತದೆ. ಶಿಕ್ಷಕರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಇದು ತಮಗೆ ತಿಳಿಯದ ವಿಷಯವಲ್ಲ. ತಿಳಿದೂ 4 ವರ್ಷ ನನಗೆ ಅದೇ ಒಂದು ವಾಕ್ಯವನ್ನು ಕಳುಹಿಸುತ್ತಿರುವುದೇ ನನ್ನ ಸಂಕಟ.

ಪ್ರತಿವರ್ಷ ಏಪ್ರಿಲ್ 2ರ ಆಟಿಸಂ ಜಾಗೃತಿ ದಿನದಂದು ಶಾಲೆಯ ಗೋಡೆಗೆ ಭಿತ್ತಿಪತ್ರ ಅಂಟಿಸುತ್ತಾರೆ. ನನಗೆ ಭಿತ್ತಿಪತ್ರ ಬೇಡ. ಇನ್ನೊಂದು ಕಾರ್ಯಾಗಾರವೂ ಬೇಡ, ಇನ್ನೊಂದು ಪ್ರಮಾಣಪತ್ರವೂ ಬೇಡ. ತರಗತಿಯೊಳಗೆ ಬಂದು ತೋರಿಸಿಕೊಡುವ, ಮತ್ತೆ ಮತ್ತೆ ಬರುವ ಒಬ್ಬರು ಬೇಕು. ಅವರು ಬಂದ ದಿನಗಳು ಶಾಲೆಯ ದಾಖಲೆಯಲ್ಲಿರಬೇಕು, ಆ ದಾಖಲೆಯನ್ನು ನೋಡುವ ಅವಕಾಶ ಪೋಷಕರಿಗೆ ಇರಬೇಕು. ಮಗುವನ್ನು ಕೋಣೆಯಲ್ಲಿ ಕೂಡಿಹಾಕುವುದನ್ನು ಲಿಖಿತ ಆದೇಶದ ಮೂಲಕ ಇಂದೇ ನಿಷೇಧಿಸಬೇಕು. ಅದಕ್ಕೆ ಯಾವ ತರಬೇತಿಗೂ ಕಾಯಬೇಕಾಗಿಲ್ಲ.

ಹೊಸ ಶಾಲಾ ವರ್ಷದಲ್ಲಿ ನನ್ನ ಮಗನಿಗೆ ಹೊಸ ಶಿಕ್ಷಕರು ಬರುತ್ತಾರೆ. ಅವರ ಹೆಸರು ನನಗಿನ್ನೂ ತಿಳಿದಿಲ್ಲ. ಚಿತ್ರಪಟ್ಟಿಯ ಹೊಸ ಪ್ರತಿಯೊಂದನ್ನು ನಾನು ಸಿದ್ಧಪಡಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಕಪಾಟಿನೊಳಗೆ ಇಡಬಾರದೆಂದು ಅವರಿಗೆ ತೋರಿಸಿಕೊಡುವವರು ಯಾರು, ಯಾವ ದಿನ ಬರುತ್ತಾರೆ ಎಂಬುದನ್ನು ವರ್ಷ ಆರಂಭವಾಗುವ ಮೊದಲು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ವಿದ್ಯಾರ್ಥಿಯ ತಾಯಿ